ಲಾಡಿ ಇಲ್ಲದ ಲಂಗ

ಗುಂಡ್ಲುಪೇಟೆಯ ಮಸೀದಿ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಬೆಳಗಿನ ನಮಾಜು ಮುಗಿಸಿದ ಫರ್ಹೀನ್ ಆಗಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಹೊಲಿಯುತ್ತಿರುವುದು ಸೀರೆಯೊಳಗಿನ ಲಂಗ. ಆದರೆ ಅದಕ್ಕೆ ಸೊಂಟದ ಲಾಡಿಯಿಲ್ಲ. ಎದೆಯ ಕೆಳಗೆ ಅಗಲವಾದ ಪಟ್ಟಿ, ಹೆಗಲಿಗೆ ಎರಡು ಪಟ್ಟಿ, ಬಲಗಡೆ ಒಳಗೊಂದು ಮೆತ್ತನೆಯ ಜೇಬು.

ಜೇಬು ಮೂತ್ರದ ಚೀಲದ ಭಾರ ಹೊರಲು. ಕ್ಯಾನ್ಸರಿನಿಂದ ಮೂತ್ರಕೋಶ ತೆಗೆಸಿಕೊಂಡವರ ಹೊಟ್ಟೆಯ ಮೇಲೆ ಸಣ್ಣ ಬಾಯಿ ಮಾಡಿ ಈ ಚೀಲ ಅಂಟಿಸುತ್ತಾರೆ. ಲಾಡಿ ಬಿಗಿದರೆ ಅದರ ಮೇಲೆಯೇ ಕೂರುತ್ತದೆ. ಫರ್ಹೀನ್‌ಗೆ ಇದು ತಮ್ಮ ಮೈಯಿಂದಲೇ ಗೊತ್ತು.

"ಮೊದ್ಲು ನಂಗೇ ಹೊಲ್ಕೊಂಡೆ. ಪಕ್ಕದಲ್ಲಿ ಸೀಳು ಬಿಡೋದೇ ಮರ್ತಿದ್ದೆ. ನಾದಿನಿ ಮದುವೇಲಿ ಚೀಲ ಖಾಲಿ ಮಾಡೋಕೆ ಸೀರೆ ಪೂರ್ತಿ ಬಿಚ್ಚಬೇಕಾಯ್ತು!" ಎಂದು ನಗುತ್ತಾರೆ. ಆ ಶಸ್ತ್ರಚಿಕಿತ್ಸೆಯಲ್ಲಿ ಅವರ ಗರ್ಭಕೋಶವೂ ಹೋಯಿತು. ಆ ಮಾತು ಬಂದಾಗ ಮಾತ್ರ ಯಂತ್ರ ತುಳಿಯುವ ಕಾಲು ನಿಲ್ಲುತ್ತದೆ.

ಇವತ್ತಿನ ಲಂಗ ಉಡಿಗಾಲದ ಶಿವರಂಜಿನಿಗೆ. ಅವಳಿಗೂ ಮೂತ್ರಕೋಶ ತೆಗೆದಿದ್ದಾರೆ; ಆದರೆ ಗೆಡ್ಡೆ ದೂರವಿದ್ದುದರಿಂದ ವೈದ್ಯರು ಗರ್ಭಕೋಶವನ್ನು ಉಳಿಸಿದ್ದರು. ಈಗ ಅವಳು ಏಳು ತಿಂಗಳ ಬಸುರಿ. ಮೂತ್ರದ ಡಾಕ್ಟರು, ಹೆರಿಗೆ ಡಾಕ್ಟರು ಇಬ್ಬರೂ ಕೂಡಿ ನೋಡುತ್ತಿದ್ದಾರೆ. ಹೊಟ್ಟೆ ಬೆಳೆದಂತೆ ಚೀಲ ಸರಿಯಾಗಿ ಕೂರದೆ ಸೋರತೊಡಗಿದೆ. ನಾಡಿದ್ದು ಬಳೆಶಾಸ್ತ್ರ. ನೆಂಟರ ಮುಂದೆ ಸೀರೆ ಒದ್ದೆಯಾದರೆ ಎಂಬ ಭಯಕ್ಕೆ, ಹಸೆಗೆ ಕೂರುವುದೇ ಇಲ್ಲ ಎನ್ನುತ್ತಿದ್ದಾಳೆ.

ಬಿಸಿಲೇರುವ ಹೊತ್ತಿಗೆ ಅತ್ತೆ ಪುಟ್ಟಮಾದಮ್ಮನೊಂದಿಗೆ ಬರುತ್ತಾಳೆ. ಫರ್ಹೀನರ ಪರೀಕ್ಷೆ ಒಂದೇ: ಹೊಸ ಲಂಗದ ಮೇಲೆ ಸೀರೆ ಉಡಿಸಿ, ಹೊಟ್ಟೆ ತುಂಬ ನೀರು ಕುಡಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂರಿಸುವುದು.

"ಇನ್ನೊಂದು ಲೋಟ ಕುಡಿ ಕಣಮ್ಮಿ," ಎನ್ನುತ್ತಾರೆ ಪುಟ್ಟಮಾದಮ್ಮ.

"ಇದೇನತ್ತೆ, ಕೆರೆ ತುಂಬ್ಸೋ ಯೋಜನೆನಾ?"

"ತುಂಬ್ಲಿ ಬುಡು. ಅವತ್ತೇನಾರ ಒದ್ದೆಯಾದ್ರೆ ನಾನೇ ನೀರು ಚೆಲ್ಬುಟ್ಟೆ ಅಂತೀನಿ. ನೀ ಸುಮ್ಕೆ ಕುಂತ್ಕೊ."

ಟೀ ಆಗುತ್ತದೆ, ಊರ ಸುದ್ದಿಯೂ ಮುಗಿಯುತ್ತದೆ. ಶಿವರಂಜಿನಿ ಮೆಲ್ಲಗೆ ಎದ್ದು ನಿಲ್ಲುತ್ತಾಳೆ. ಫರ್ಹೀನ್ ಅವಳ ಬಲಮಗ್ಗುಲಿನ ಸೀರೆಯ ಮೇಲೆ ಅಂಗೈ ಆಡಿಸುತ್ತಾರೆ. ಒಂದು ಹನಿಯೂ ಒದ್ದೆಯಿಲ್ಲ. ನಂಬಿಕೆ ಸಾಲದೆ ಅವಳೂ ಮುಟ್ಟಿ ನೋಡಿಕೊಳ್ಳುತ್ತಾಳೆ.

"ಹಸೆಗೆ ಕುಂತ್ಕೋತೀನಿ ಅತ್ತೆ," ಎನ್ನುತ್ತಾಳೆ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಪುಟ್ಟಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಗ ಆದ್ಮ್ಯಾಕೆ ಈ ಲಂಗ ದೊಗಳೆ ಆಯ್ತದಲ್ಲ?" ಎಂದು ಕೇಳುತ್ತಾರೆ.

"ಮೂವರೂ ಬನ್ನಿ, ಸಣ್ಣ ಮಾಡ್ಕೊಡ್ತೀನಿ," ಎನ್ನುತ್ತಾರೆ ಫರ್ಹೀನ್. "ಬೇಗ ಮಾತ್ರ ಆಗಲ್ಲ ಕಣಮ್ಮ. ಮಗು ನನ್ನ ತೊಡೆ ಮೇಲಿದ್ರೆ ಮಿಷನ್ ತುಳಿಯೋದು ಹೆಂಗೆ?"