ಉಪಮೆ ಬಿಡುವ ಜಾಗ

ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ನನ್ನ ಹೈಸ್ಕೂಲಿನ ನೋಟ್‌ಬುಕ್ಕು ಸಿಕ್ಕಿತು. 'ಅಲಂಕಾರಗಳು' ಎಂಬ ತಲೆಬರಹದ ಕೆಳಗೆ ಕೆಂಪು ಪೆನ್ಸಿಲಿನ ಗೀಟು. ಸಿದ್ದಾಪುರದ ನಮ್ಮ ಕನ್ನಡ ಮಾಸ್ತರರು ಎಳೆದದ್ದು.

ಸಾವಿರದ ಒಂಬೈನೂರ ಐವತ್ತೆಂಟರ ಸುಮಾರು ಇರಬೇಕು. ಅಲಂಕಾರದ ಹೆಸರುಗಳನ್ನು ನಾವು ಮಾರ್ಕಿಗಾಗಿ ಉರು ಹೊಡೆಯುತ್ತಿದ್ದೆವು. ಅವರಿಗೆ ಅಷ್ಟು ಸಾಲದು. "ಹೆಸರು ಗೊತ್ತಿದ್ರೆ, ಮಾತು ಎಲ್ಲಿ ಕೆಲಸ ಮಾಡ್ತು ಹೇಳಿ ಕಾಣ್ತು ತಮಾ. ಓದವಂಗೂ, ಬರೆಯವಂಗೂ" ಎನ್ನುತ್ತಿದ್ದರು. ಉಪಮೆ 'ಮರದಂತೆ' ಎಂದು ಹೇಳಿ, ಮರಕ್ಕೂ ಮನುಷ್ಯನಿಗೂ ನಡುವೆ ಒಂದಿಷ್ಟು ಜಾಗ ಬಿಡುತ್ತದೆ. ರೂಪಕ 'ಮರವೇ' ಎಂದುಬಿಡುತ್ತದೆ. "ಮನುಷ್ಯರ ಮೇಲೆ ರೂಪಕ ಹಾಕದಕ್ಕಿಂತ ಮೊದ್ಲು ಹೆದ್ರವು", ಹೆದರಲೇಬೇಕು ಎಂಬುದು ಅವರ ಎಚ್ಚರಿಕೆ.

ನನ್ನನ್ನು ತಾಳಮದ್ದಲೆಗೆ ಕರೆದೊಯ್ದವರೂ ಅವರೇ. ವೇಷವಿಲ್ಲ, ಬರೆದಿಟ್ಟ ಮಾತಿಲ್ಲ. ಕುಳಿತಲ್ಲೇ ಪಾತ್ರವಾಗಿ ಎದುರಿನವನಿಗೆ ಉತ್ತರ ಕೊಡಬೇಕು. ಪಾತ್ರದಲ್ಲಿ ಆಡಿದ್ದನ್ನು ಎದ್ದ ಮೇಲೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂಬುದು ರೂಢಿ. ಆ ರೂಢಿಯ ಮರೆಯಲ್ಲೇ ನಾನು ತಪ್ಪು ಮಾಡಿದೆ...

ಹೆಗ್ಗರಣೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವರದು ವೃದ್ಧ ಮಂತ್ರಿ, ನನ್ನದು ಅರಸ. ಅವರು ವಾದ ಮುಗಿಸಿದರು; ನಾನು ಶಲ್ಯ ಸರಿಪಡಿಸಿಕೊಳ್ಳುತ್ತ ಕುಳಿತೆ. "ಎಂತದಾ, ಅರಸನ ಬಾಯಲ್ಲಿ ಕವಳ ಇದ್ದಾ? ಮಾತೇ ಇಲ್ಲೆ!" ಎಂದು ಯಾರೋ ಛೇಡಿಸಿದರು. ಎಲ್ಲರೂ ನಕ್ಕರು. ಸೋಲಲು ನನಗೆ ಮನಸ್ಸಿರಲಿಲ್ಲ. ಮಾಸ್ತರರ ಒಬ್ಬಳೇ ಮಗಳು ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಅದು ಗೊತ್ತಿದ್ದೇ ಹೇಳಿದೆ: "ಮಂತ್ರಿ, ನೀನು ಕಾಯಿ ಉದುರಿದ ಮರ. ನಿನ್ನ ನೆರಳು ಯಾರಿಗೆ ಬೇಕು?"

ಒಬ್ಬಿಬ್ಬರು ಭೇಷ್ ಎಂದರು. ಆಮೇಲೆ ಅರ್ಥವಾಗಿ ತಲೆ ತಗ್ಗಿಸಿದರು. ಮಾಸ್ತರರು ಎದ್ದು ಹೋಗಲಿಲ್ಲ. ಪಾತ್ರ ಬಿಡದೆ, ಕೈಮುಗಿದು, "ಅರಸರ ಮಾತು ನಿಜ" ಎಂದರು.

ಮುಗಿದ ಮೇಲೆ ಹೊರಗೆ ಚಪ್ಪಲಿ ಹುಡುಕುತ್ತ, ನನ್ನ ಮುಖ ನೋಡದೆ ಹೇಳಿದರು: "ರೂಪಕ ಚಲೋ ಇತ್ತು ತಮಾ. ಉಪಮೆ ಆಗಿದ್ರೆ ಆನು ತಡ್ಕತ್ತಿದ್ದಿ."

ಮತ್ತೆಂದೂ ಅವರು ತಾಳಮದ್ದಲೆಗೆ ಕೂರಲಿಲ್ಲ. ಮರುವರ್ಷ ಅವರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಕ್ಷಮೆ ಕೇಳಬೇಕೆಂದು ಎರಡು ಸಲ ಬಸ್ಸು ಹತ್ತಿದವನು ಧೈರ್ಯ ಸಾಲದೆ ಶಿರಸಿಯಲ್ಲೇ ಇಳಿದು ಹಿಂದಿರುಗಿದೆ. ಮೂರನೆಯ ಸಲ ಯಲ್ಲಾಪುರ ಮುಟ್ಟಿದೆ. ಅಷ್ಟರಲ್ಲಿ ಅವರು ತೀರಿಕೊಂಡು ತಿಂಗಳಾಗಿತ್ತು.

ನೋಟ್‌ಬುಕ್ಕಿನಲ್ಲಿ 'ಉಪಮೆ: ಸ್ವಂತ ಉದಾಹರಣೆ' ಎಂಬಲ್ಲಿ ಎರಡು ಸಾಲು ಖಾಲಿ ಉಳಿದಿತ್ತು. ಪಕ್ಕದಲ್ಲಿ ಅವರ ಕೆಂಪು ಅಕ್ಷರ: 'ಬರೆದು ತೋರಿಸು.'

ಇಂದು ಬೆಳಿಗ್ಗೆ ಬರೆದೆ. ತೋರಿಸುವುದು ಯಾರಿಗೆ...