ಕುಸುಬಿ ಎಣ್ಣೆ ಹಚ್ಚಿದ ಪಟ್ಟಾ

ನಮ್ಮ ಶಲವಡಿಯ ಈರಬಸಪ್ಪ ಕಾಕಾ ಅವರ ಹಳೆಯ ಬಿಳಿ ಕಾರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ, ಶುದ್ಧ ಹೊಟ್ಟೆಕಿಚ್ಚು ಅದು. ನಾನೂ ಅದೇ ಓಣಿಯಲ್ಲಿ ಬಾಡಿಗೆ ಕಾರು ಓಡಿಸುವವನು. ನನ್ನದು ಮೂರು ವರ್ಷದ ಕಾರು, ಎಸಿ ಇದೆ, ಹಾಡು ಹಚ್ಚಬಹುದು. ಕಾಕಾ ಅವರ ಕಾರಿಗೆ ಇಪ್ಪತ್ತೆರಡು ವರ್ಷ. ಆದರೂ ಊರಿನ ಯಾವ ಮದುಮಗಳು ಹೊರಟರೂ ಕೂರುವುದು ಆ ಬಿಳಿ ಕಾರಿನಲ್ಲೇ. ಕೊಡ, ಪಾತ್ರೆ, ಗಂಟುಮೂಟೆ ಹೇರಿಕೊಂಡು ಹಿಂದೆ ಹಿಂದೆ ಹೋಗುವುದು ನನ್ನ ಪಾಲು. "ಕಾಕಾನ ಗಾಡಿ ಒಮ್ಮೆರ ಕೈ ಕೊಟ್ಟೈತೇನಪಾ?" ಎಂದು ಜನ ನನ್ನೆದುರೇ ಹೊಗಳುತ್ತಿದ್ದರು.

ಕಾಕಾ ಮೊದಲು ಊರಿನ ಹಿಟ್ಟಿನ ಗಿರಣಿ ನಡೆಸಿದವರು. ಮೂವತ್ತು ವರ್ಷ ಜೋಳ, ಗೋದಿ ಬೀಸಿದರು. ಗಿರಣಿ ನಿಂತ ಮೇಲೆ ಅವರ ಜೀವವೆಲ್ಲ ಕಾರಿನ ಮೇಲೆ. ಬೆಳಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಕಾರು ಒರೆಸಲು ನಿಲ್ಲುವರು. ಚಕ್ರಕ್ಕೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುವರು. ಎಂಜಿನ್ ಆಯಿಲ್ ಬದಲಿಸಲು ಒಂದು ದಿನ ತಡಮಾಡಿದವರಲ್ಲ. "ಅವರನ್ನ ನೋಡಿ ಕಲೀರಿ" ಎಂದು ನನ್ನ ಹೆಂಡತಿ ದಾನೇಶ್ವರಿ ಅಂದ ದಿನ ನಾನು ಅರ್ಧ ಊಟಕ್ಕೇ ಎದ್ದಿದ್ದೆ.

ಒಂದೂವರೆ ವರ್ಷದ ಹಿಂದೆ, ದಸರೆಯ ಹೊತ್ತಿಗೆ, ಕಾಕಾ ಬಾನೆಟ್ ಎತ್ತಿ ಹೊಸದಾಗಿ ಹಾಕಿದ ಪಟ್ಟಾಕ್ಕೆ, ಅಂದರೆ ಬೆಲ್ಟಿಗೆ, ಅರಿವೆಯಿಂದ ಏನೋ ಸವರುತ್ತಿದ್ದರು. ಎಂಜಿನ್ ತಂಪಾಗಿಡುವ ನೀರಿನ ಪಂಪು ತಿರುಗುವುದು ಆ ಪಟ್ಟಾದಿಂದಲೇ.

"ಏನ್ ಹಚ್ಚಾಕತ್ತೀರಿ ಕಾಕಾ?"

"ಕುಸುಬಿ ಎಣ್ಣಿಪಾ. ಹಿಂದಿನ ಪಟ್ಟಾ ನಾಕು ವರ್ಷಕ್ಕ ಬಿರೀತು. ಗಿರಣಿ ಪಟ್ಟಾಕ್ಕ ಇದನ್ನ ಹಚ್ಚತಿದ್ದೆ, ಹತ್ತು ವರ್ಷ ಏನೂ ಆಗಲಿಲ್ಲ."

ನಮ್ಮಲ್ಲಿ ತೊಗಲಿನದೂ ಪಟ್ಟಾ, ರಬ್ಬರಿನದೂ ಪಟ್ಟಾ. ಗಿರಣಿಯದು ತೊಗಲು, ಎಣ್ಣೆ ಕುಡಿದು ಮೆತ್ತಗಾಗಿ ಬಾಳುತ್ತಿತ್ತು. ಇದು ರಬ್ಬರು. ಎಣ್ಣೆ ತಾಗಿದರೆ ಉಬ್ಬುತ್ತದೆ, ಜಾರುತ್ತದೆ, ಕೊನೆಗೆ ಹರಿಯುತ್ತದೆ. ನನಗದು ಗೊತ್ತಿತ್ತು. ಮಾತು ತುಟಿಯ ತನಕ ಬಂದಿತ್ತು. ಅಷ್ಟರಲ್ಲಿ ಯಾರೋ ಬಂದು ಮದುವೆಗೆ ಕಾರು ಕೇಳಿದರು, ನನ್ನನ್ನಲ್ಲ, ಕಾಕಾ ಅವರನ್ನು. ನಾನು ಸುಮ್ಮನೆ ಮನೆಗೆ ಬಂದೆ.

ಆ ಪಟ್ಟಾ ಎಂಟು ತಿಂಗಳಿಗೆ ಹರಿಯಿತು. ಮುಂದಿನದು ಆರೇ ತಿಂಗಳಿಗೆ. ಎರಡೂ ಸಲ ಮನೆಯ ಹತ್ತಿರವೇ ಆದದ್ದರಿಂದ ಊರಿಗೆ ತಿಳಿಯಲಿಲ್ಲ. ಕಾಕಾ ಅಂಗಡಿಯವನ ಮಾಲೇ ಕಳಪೆಯೆಂದು ಬೈದು, ತಾವೇ ಹೊಸದು ಹಾಕಿ, ಇನ್ನಷ್ಟು ಎಣ್ಣೆ ಹಚ್ಚಿದರು. ನಾನು ಒಳಗೊಳಗೇ ಹಿಗ್ಗಿದೆ. ಒಂದು ದಿನ ನಡುದಾರಿಯಲ್ಲಿ, ಹತ್ತು ಜನರ ಮುಂದೆ ನಿಲ್ಲಲಿ ಎಂದು ಕಾದೆ.

ನಿಂತದ್ದು ಈ ವೈಶಾಖದಲ್ಲಿ, ಅವರ ಮಗಳು ಶೈಲಶ್ರೀಯ ಮದುವೆಯ ದಿನವೇ. ನವಲಗುಂದದಲ್ಲಿ ಹನ್ನೆರಡೂವರೆಯ ಮುಹೂರ್ತಕ್ಕೆ ಅಕ್ಕಿಕಾಳು ಬೀಳಬೇಕು. ಹನ್ನೊಂದೂ ಮುಕ್ಕಾಲಿಗೆ, ಸುತ್ತ ಬರೀ ಎರೆ ಹೊಲವಿದ್ದ ಕಡೆ, ಬಿಳಿ ಕಾರು ಬುಸ್ಸೆಂದು ಹಬೆ ಉಗುಳಿ ನಿಂತಿತು. ಹಿಂದೆಯೇ ನಾನಿದ್ದೆ. ಶೈಲಶ್ರೀ ಬಾಸಿಂಗ ಹಿಡಿದುಕೊಂಡು ಅಳುತ್ತ ಇಳಿದಳು. ನಾನು ಸಾಮಾನು ಇಳಿಸಿ ಅವಳನ್ನೂ ತಾಯಿ ಸುಶೀಲವ್ವನನ್ನೂ ನನ್ನ ಕಾರಿನಲ್ಲಿ ಕೂರಿಸಿದೆ. ಅಂತೂ ಮದುಮಗಳು ನನ್ನ ಕಾರು ಹತ್ತಿದ್ದಳು. ಅದರ ಖುಷಿ ಮಾತ್ರ ಎಲ್ಲಿ ಹೋಯಿತೋ ತಿಳಿಯದು.

ಕಾಕಾ ಹರಿದ ಪಟ್ಟಾ ಹಿಡಿದು ನಿಂತಿದ್ದರು. "ಮೂರನೇದಲೇ ಸಿದ್ದರಾಮ. ಇಷ್ಟು ಜ್ವಾಕಿ ಮಾಡಿದ್ರೂ ಯಾಕ ಹಿಂಗ?"

"ಎಣ್ಣಿ ಹಚ್ಚಬಾರದಿತ್ರಿ ಕಾಕಾ" ಎಂದುಬಿಟ್ಟೆ. "ಇದು ರಬ್ಬರ್ ಐತ್ರಿ. ಎಣ್ಣಿಗೇ ಹರಿಯಾಕತ್ತೈತಿ."

ಅವರು ನನ್ನ ಮುಖ ನೋಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಮದಲನೇ ಸಲ ಹಚ್ಚೂ ಮುಂದ ನನಗೂ ಸಂಶೇ ಇತ್ತಪಾ" ಎಂದರು ಮೆಲ್ಲಗೆ. "ನೀ ಬಾಜೂಕ ನಿಂತು ನೋಡಿದಿ, ಏನೂ ಅನ್ನಲಿಲ್ಲ. ತಪ್ಪಿದ್ರ ನಮ್ಮ ಸಿದ್ದರಾಮ ಹೇಳತಿದ್ದ ಅಂತ ತಿಳದು, ಧೈರ್ಯಾಲೆ ಹಚ್ಚಕೋತ ಬಂದೆ."

ಆಮೇಲೆ ಅವರೇ ನನ್ನ ಕಾರಿನ ಬಾಗಿಲು ತೆಗೆದು, "ಹೋಗು, ಹೊತ್ತಾತು. ನಾ ಸಾಮಾನು ಹೇರಕೊಂಡು ಹಿಂದ ಬರೂ ಮಂದಿ ಟ್ರ್ಯಾಕ್ಟರದಾಗ ಬರತೀನಿ" ಎಂದರು. ನಾನು ಗಾಡಿ ಬಿಟ್ಟೆ. ನವಲಗುಂದ ಬರುವ ತನಕ ಕನ್ನಡಿಯಲ್ಲಿ ಶೈಲಶ್ರೀಯ ಮುಖ ನೋಡಲು ನನ್ನಿಂದ ಆಗಲಿಲ್ಲ.