ನಾನು ಬಾಯಿಂದ ಆರಿಸಿದ ಒಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಉಪವಾಸವಿದ್ದ ಒಬ್ಬ ಮುದುಕಿಯ ಒಲೆಯನ್ನು ಆರಿಸಿದವನು ನಾನು. ನೀರು ಸುರಿದಲ್ಲ, ಊದಿಯೂ ಅಲ್ಲ. ಇನ್ನೊಬ್ಬನ ದನಿಯಲ್ಲಿ ಕೂಗಿ.

ಮೊನ್ನೆ ಹುಕ್ಕೇರಿ ಸಂತೆಯಿಂದ ಕಂದೀಲಿನ ಗಾಜು ತಂದೆ. ಒಡೆಯದಿರಲೆಂದು ಅಂಗಡಿಯವನು ಅದನ್ನು ಬುಟ್ಟಿಯ ಹೊಟ್ಟಿನಲ್ಲಿ ಹುದುಗಿಸಿ ಕೊಟ್ಟಿದ್ದ. ದಾರಿಯುದ್ದಕ್ಕೂ ಚಕ್ಕಡಿಯ ಮೇಲೆ ಬಿಸಿಲು ಕುಡಿದು ಬಂದ ಬುಟ್ಟಿ. ಮನೆಗೆ ಬಂದು ಗಾಜು ತೆಗೆಯಲು ಕೈ ಹಾಕಿದೆ… ಒಳಗೆ ಬೆಚ್ಚಗಿತ್ತು. ಕೈ ಅಲ್ಲೇ ನಿಂತಿತು. "ಚೇಳು ಕಡಿತೇನ್ರಿ?" ಎಂದಳು ಹೆಂಡತಿ. ಚೇಳಲ್ಲ, ಆಯಿ ನೆನಪಾದರು.

ಗೋಕಾಕದಲ್ಲಿ ಇಲಿ ಬಿದ್ದ ವರ್ಷ ಅದು. ಪ್ಲೇಗಿಗೆ ಹೆದರಿ ಓಣಿಗೆ ಓಣಿಯೇ ಮನೆಗೆ ಕೀಲಿ ಹಾಕಿ, ಧುಪದಾಳದ ದಾರಿಯ ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡಿತ್ತು. ನನಗಾಗ ಹದಿನೆಂಟು. ಬಾಜೂ ಗುಡಿಸಲು ಒಬ್ಬ ಜೈನ ಮುದುಕಿಯದು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದೆವು. ಹೆಂಡತಿ ಮಕ್ಕಳನ್ನು ಮೂಡಲಗಿಯ ಬೀಗರ ಮನೆಗೆ ಬಿಟ್ಟುಬರಲು ಹೋದ ಅವರ ಮಗ ಇನ್ನೂ ತಿರುಗಿ ಬಂದಿರಲಿಲ್ಲ.

ಒಣ ದಂಟಿನ ಆ ಗುಡಿಸಲಿಗೆ ಒಂದು ಕಿಡಿ ಸಾಕು. ಅದಕ್ಕೇ ಒಂದು ಕಟ್ಟಳೆಯಿತ್ತು: ಬೆಳಿಗ್ಗೆ ಗಾಳಿ ಏಳುವ ಮೊದಲು ಅಡುಗೆ ಮುಗಿಯಬೇಕು. ಊರ ಕಾವಲಿನ ತಳವಾರ ಬಂದು ಕೂಗಿದನೆಂದರೆ ಎಲ್ಲರೂ ಒಲೆಗೆ ನೀರು ಸುರಿಯಬೇಕು. ಮತ್ತೆ ಬೆಂಕಿ ಹೊತ್ತಿಸುವುದು ಹೊತ್ತು ಮುಳುಗಿ ಗಾಳಿ ಬಿದ್ದ ಮೇಲೆಯೇ. ನಮಗೇನು, ಕತ್ತಲಾದ ಮೇಲೆ ಬೇಯಿಸಿ ಉಣ್ಣುತ್ತಿದ್ದೆವು. ಆಯಿ ಮಾತ್ರ ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುವವರಲ್ಲ.

ನನಗೋ ಊರಿನ ದನಿಗಳೆಲ್ಲ ಬಾಯಿಪಾಠ. ಪಾಟೀಲರ ಕೆಮ್ಮು, ಮಠದ ಅಯ್ಯನವರ ಆಕಳಿಕೆ, ನನ್ನವ್ವ ಬೈಯುವುದು, ಬೈಸಿಕೊಂಡ ನಾನು ನಾಯಿಮರಿಯಂತೆ ಕುಂಯ್ ಎನ್ನುವುದು… ಒಂದು ದಿನ ಬೇನೆ ಬಿದ್ದ ಇಬ್ಬರನ್ನು ಆಸ್ಪತ್ರೆಯ ಚಪ್ಪರಕ್ಕೆ ಒಯ್ದರು. ಮರುದಿನ ಬೆಳಿಗ್ಗೆ ಯಾರ ಬಾಯಲ್ಲೂ ಮಾತಿಲ್ಲ. ತುಸು ನಗಿಸೋಣವೆಂದುಕೊಂಡೆ. ಬಣವೆಯ ಹಿಂದೆ ನಿಂತು ತಳವಾರನ ದನಿಯಲ್ಲಿ ಕೂಗಿಯೇ ಬಿಟ್ಟೆ: "ಒಲಿ ಆರಸ್ರೋ!"

ಚುಂಯ್, ಚುಂಯ್ ಎಂದು ಸಾಲಿನುದ್ದಕ್ಕೂ ಒಲೆಗಳು ಆರಿದವು. ಯಾರೂ ನಗಲಿಲ್ಲ. ಆಯಿಯ ಒಲೆಯಿಂದಲೂ ಹೊಗೆ ಎದ್ದಿತು. ಹಿಂದಿನ ದಿನ ಅವರದು ಅಷ್ಟಮಿಯ ಉಪವಾಸವೆಂದು ನನಗೆ ಆಗ ನೆನಪಾಯಿತು. ಗಡಿಗೆಯಲ್ಲಿದ್ದ ಜೋಳದ ನುಚ್ಚು, ಹೆಸರುಬೇಳೆ ಎರಡೇ ಕುದಿ ಕಂಡಿದ್ದವು. ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿಜವಾದ ತಳವಾರನೇ ಬಂದ. ಆರಿದ ಒಲೆಗಳನ್ನು ನೋಡಿ, ತನಗೆ ಜನ ಎಷ್ಟು ಅಂಜುತ್ತಾರೆಂದು ಹಿಗ್ಗಿ, ಮೀಸೆ ತಿರುವುತ್ತ ಹೋದ. ಅವನ ಹಿಂದೆಯೇ ಗಾಳಿಯೂ ಎದ್ದಿತು. ನಾನು ಬಾಯಿ ಮುಚ್ಚಿದೆ.

ಅವ್ವ ರೊಟ್ಟಿ ಕೊಡಲು ಹೋದಳು. ಉಳ್ಳಾಗಡ್ಡಿ, ಬಳ್ಳೊಳ್ಳಿಯಂಥ ವರ್ಜ್ಯ ಗಡ್ಡೆ ಬೇಯುವ ಒಲೆಯ ರೊಟ್ಟಿಯನ್ನು ಆಯಿ ಮುಟ್ಟಲಿಲ್ಲ. ಚೂರು ಬೆಲ್ಲ, ಒಂದು ತಂಬಿಗೆ ನೀರು, ಅಷ್ಟೇ. ಏಳಹೋದವರು ಮತ್ತೆ ಕುಳಿತರು. ದಿನಾ ಮಧ್ಯಾಹ್ನ ಪ್ಲೇಗಿನ ತಪಾಸಣೆಯವರು ಬರುತ್ತಿದ್ದರು. ನಿಲ್ಲಲಾರದೆ ಕುಸಿದವರನ್ನು, ಹಸಿವೋ ಬೇನೆಯೋ ಎಂದು ಕೇಳದೆ, ಚಪ್ಪರಕ್ಕೆ ಒಯ್ಯುತ್ತಿದ್ದರು. ಅಲ್ಲಿಂದ ತಿರುಗಿ ಬಂದವರು ಕಡಿಮೆ.

"ಲೇ ತಮ್ಮಾ, ನಿಮ್ಮ ಎತ್ತಿನ ಹೊಟ್ಟು ಒಂದು ಬುಟ್ಟಿ ತಾ" ಎಂದರು ಆಯಿ.

"ಹೊಟ್ಟು ತಿಂತೀರೇನ್ರಿ ಆಯಿ?"

"ತಿನ್ನಾಂವ ನೀನು. ನಾ ಗಡಿಗಿ ಹೂಳಾಕಿ. ಥಂಡ್ಯಾಗ ಮೊಸರು ಹೆಪ್ಪಾಗಾಕ ಹೊಟ್ಟಿನ್ಯಾಗ ಇಡೂದಿಲ್ಲೇನು? ಕಾವು ಹಿಡದಿಡತೈತಿ. ನುಚ್ಚೂ ಬೆಂದರ ಬೇಯಲಿ."

ಬೆಂದರೆ! ಅವರೂ ಅದನ್ನು ಎಂದೂ ಮಾಡಿ ನೋಡಿರಲಿಲ್ಲ.

ಮುಚ್ಚಳದ ಸುತ್ತ ಹಸಿಮಣ್ಣು ಮೆತ್ತಿ, ಗಡಿಗೆಯನ್ನು ಕೌದಿಯಲ್ಲಿ ಸುತ್ತಿಟ್ಟರು. ಹೊಟ್ಟು ತಂದು ಸುರಿಯಹೋದರೆ ನನ್ನ ಕೈ ಹಿಡಿದರು. "ಮೊದಲ ಸಾಣಿಸು. ಹುಳಾ ಇದ್ರ ಕಾವಿಗೆ ಸಾಯ್ತಾವು."

ಗಡಿಗೆ ಆರುತ್ತಿದೆ, ಆಯಿ ಬೀಳುವಂತಿದ್ದಾರೆ, ನಾನು ಜರಡಿ ಹಿಡಿದು ಹುಳ ಹೆಕ್ಕುತ್ತಿದ್ದೇನೆ! ಒಂದು ನುಸಿ ಸಿಕ್ಕಿತು. ಅದನ್ನು ಎಲೆಯ ಮೇಲೆ ಕೂಡಿಸಿ, ಬೀಗರನ್ನು ಕಳಿಸುವಂತೆ ನೆರಳಿನವರೆಗೆ ಹೋಗಿ ಬಿಟ್ಟು ಬಂದೆ. ನನ್ನ ಜೀವಮಾನದಲ್ಲಿ ಯಾರಿಗೂ ಅಷ್ಟು ಮರ್ಯಾದೆ ಕೊಟ್ಟವನಲ್ಲ.

ಬುಟ್ಟಿಯ ತಳಕ್ಕೆ ಹೊಟ್ಟು, ನಡುವೆ ಗಡಿಗೆ, ಸುತ್ತಲೂ ಮೇಲೂ ಒತ್ತಿ ಒತ್ತಿ ಹೊಟ್ಟು, ಅದರ ಮೇಲೆ ಇನ್ನೊಂದು ಕೌದಿ. "ತಗದು ನೋಡಬ್ಯಾಡ. ಇಣಕಿದಷ್ಟೂ ಕಾವು ಹೋಗತೈತಿ" ಎಂದರು. ನೋಡಲಿಲ್ಲ, ಕಿವಿ ಇಟ್ಟೆ. ಯಾರ ದನಿಯನ್ನಾದರೂ ಹಿಡಿಯುವ ನನ್ನ ಕಿವಿಗೆ ಆ ಗಡಿಗೆ ಒಂದು ಸಲ ಗುಳುಕ್ ಎನ್ನಲೂ ಇಲ್ಲ…

ತಪಾಸಣೆಯವರು ಬಂದರು. ಆಯಿ ಗುಡಿಸಲಿನ ಕಂಬ ಹಿಡಿದು ಎದ್ದು ನಿಂತರು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

"ಮುದುಕಿ, ಆರಾಮ ಅದಿಯೇನು?" ಎಂದ ಅವರಲ್ಲೊಬ್ಬ.

"ಆರಾಮ ಅದೀನ್ರಿ. ನುಚ್ಚು ಇಟ್ಟೇನಿ."

ಅವನು ಆರಿದ ಒಲೆ ನೋಡಿದ, ಬುಟ್ಟಿ ನೋಡಿದ, ಮುದುಕಿಗೆ ಬುದ್ಧಿ ತಿರುಗಿದೆ ಎಂಬಂತೆ ತಲೆಯಾಡಿಸಿ ಮುಂದಿನ ಗುಡಿಸಲಿಗೆ ಹೋದ. ಅವನು ಕಣ್ಮರೆಯಾದ ಮೇಲೂ ಅವನನ್ನು ಅಣಕಿಸಲು ನನಗೆ ಬಾಯಿ ಬರಲಿಲ್ಲ.

ಹೊತ್ತು ಗುಡ್ಡದ ಮೇಲೆ ಮಾರುದ್ದ ಇರುವಾಗ ಆಯಿ ಗಡಿಗೆ ತೆಗೆದರು. ಉಗಿ ಬಂತು! ಒಂದು ನುಚ್ಚನ್ನು ಬೆರಳಲ್ಲಿ ಹಿಸುಕಿದರು. ಇನ್ನೊಂದನ್ನು ಹಿಸುಕಿದರು. ನಾನು ಒಮ್ಮೆ ಹೊತ್ತನ್ನು, ಒಮ್ಮೆ ಅವರ ಬೆರಳನ್ನು ನೋಡುತ್ತಿದ್ದೆ.

"ಬೆಂದೈತಿ."

ತಳದಲ್ಲಿ ಮೆತ್ತಗೆ, ಮೇಲುಮೇಲೆ ತುಸು ಗಟ್ಟಿ. ಅವರು ಉಂಡರು. ಕೊನೆಯ ತುತ್ತಿಗೂ ಬೆಳಕಿತ್ತು. ನನ್ನ ಅಂಗೈಗೂ ಒಂದು ಹಿಡಿ ಹಾಕಿದರು. ಅದನ್ನು ಹಿಡಿದುಕೊಂಡೇ, "ಆಯಿ, ಮುಂಜಾನಿ ಕೂಗಿದಾಂವ ತಳವಾರ ಅಲ್ರಿ… ನಾನ" ಎಂದುಬಿಟ್ಟೆ.

ಮುಂದೆ ಇನ್ನೊಮ್ಮೆ ಇಲಿ ಬಿದ್ದಾಗ ನಾನು ಊರು ಬಿಟ್ಟು ಈ ಕಡೆಗೆ ಬಂದಿದ್ದೆ. ಆಯಿ ಆ ಸಲವೂ ಅದೇ ಹೊಲಕ್ಕೆ ಹೋದರಂತೆ. ತಿರುಗಿ ಮನೆಗೆ ಬರಲಿಲ್ಲವಂತೆ. ಕೊನೆಯ ದಿನ ಹೊತ್ತು ಮುಳುಗುವ ಮೊದಲು ಉಂಡಿದ್ದರೋ ಇಲ್ಲವೋ… ಕೇಳಲು ನನಗೆ ಧೈರ್ಯ ಬರಲಿಲ್ಲ.

ಗಾಜು ತೆಗೆದಾಯಿತು, ಹೊಟ್ಟನ್ನು ಮಾತ್ರ ಚೆಲ್ಲಗೊಟ್ಟಿಲ್ಲ. ಹೆಂಡತಿ ನಗುತ್ತಾಳೆ. ಅವಳಿಗೆ ಎಲ್ಲರ ದನಿಯನ್ನೂ ಮಾಡಿ ತೋರಿಸುತ್ತೇನೆ, ತಳವಾರನದೊಂದು ಬಿಟ್ಟು. ಆಯಿಯ ದನಿಯನ್ನು ಎಷ್ಟೋ ಸಲ ಮಾಡಹೋಗಿದ್ದೇನೆ, ಬರುವುದಿಲ್ಲ. ಮಾತು ಮಾತ್ರ ಹಾಗೆಯೇ ಉಳಿದಿದೆ. ಅಂದು ನಾನು ತಪ್ಪೊಪ್ಪಿಕೊಂಡಾಗ ಗಡಿಗೆ ಬಳಿಯುತ್ತ, ತಲೆ ಎತ್ತದೆ ಅಂದಿದ್ದರು:

"ನೀನ ಅಂತ ಆಗಳ ಗೊತ್ತಿತ್ತು. ಆದರೂ ನೀರು ಹಾಕಿದ್ನಿ. ಇವತ್ತು ನೀನ ಅಂತ ಬಿಟ್ರ, ನಾಳೆ ತಳವಾರ ಖರೇನ ಕೂಗಿದಾಗೂ ನೀನ ಅಂತ ಕುಂದರತೇನಿ. ಆಗ ಸುಡೂದು ನನ್ನ ಗುಡಸಲಾ ಒಂದ ಏನು?"